ಅಗಸಿ ಕಲ್ಲಿನ ಕಾಕಾ, ಎರಡು ಅಮೇರಿಕಾ ಗಾಡಿ

ಮೊನ್ನಿ ಸಂಜಿಮುಂದ ಮೊದಲ ಮಳಿದು ನಾಕು ಹನಿ ಬಿದ್ವು. ನನ್ನ ಮೊಬೈಲ್ ಅಂಗಡಿ ಬಾಗಿಲ ಮುಂದ ಒಂದು ಶಾಬಾದಿ ಫರಶಿ ಕಲ್ಲು ಅದ. ಹಗಲೆಲ್ಲಾ ಬಿಸಲಿಗಿ ಕಾದು ಹಂಚಾಗಿರ್ತದ. ಅದರ ಮ್ಯಾಲ ಹನಿ ಬಿದ್ದದ್ದೇ ತಡ, ಕಾದ ಕಲ್ಲಿನ ವಾಸನಿ ಎದ್ದಿತು. ಅದರ ಜೋಡಿ ಎಲ್ಲಿಂದೋ ಬೇವಿನ ತಪ್ಪಲದ ಕಹಿ ವಾಸನಿ... ಕೈಯಾಗಿನ ಮೊಬೈಲ್ ಕವರ್ ಹಂಗೇ ಹಿಡಕೊಂಡು ನಿಂತುಬಿಟ್ಟೆ. ಗಿರಾಕಿ ಹುಡುಗ "ಅಕ್ಕಾ, ಇದರಾಗ ಕರೇದು ಅದ ಏನ್ರಿ?" ಅಂತ ಎರಡು ಸಲ ಕೇಳಿದ. ನನಗ ಖಬರೇ ಇಲ್ಲ.

ಈ ಫರಶಿ ಅಂಗಡಿದಲ್ಲ, ನಮ್ಮೂರ ಅಗಸಿದು, ಅಂದ್ರ ಊರಬಾಗಿಲದು. ಇದರ ಮ್ಯಾಲ ನಮ್ಮ ಪಕ್ಕದ ಮನಿ ಕಾಕಾ ನಿಲ್ತಿದ್ರು. ದಿನಾ ಅಲ್ಲ. ವರ್ಷಕ್ಕ ಒಂದೇ ದಿನ, ಕಾರ ಹುಣ್ಣಿಮಿ ಸಂಜಿಗಿ.

ನಮ್ಮೂರು ಚಿತ್ತಾಪುರದಿಂದ ವಾಡಿ ಕಡಿ ಹೋಗೋ ದಾರ್ಯಾಗ ಬರ್ತದ. ಬಸ್ಸಿನವನ ಮನಸ್ಸು ಬಂದ್ರ ನಿಂದರಸ್ತಾನ, ಇಲ್ಲಂದ್ರ ಇಲ್ಲ. ಕಾರ ಹುಣ್ಣಿಮಿ ದಿನ ಎತ್ತಿನ ಮೈ ತೊಳದು, ಕೋಡಿಗಿ ಬಣ್ಣ ಹಚ್ಚಿ, ಸಂಜಿಗಿ ಅಗಸಿ ಮುಂದ ಕರಿ ಹರೀತಾರ. ಅಂದ್ರ ಅಗಸಿಗಿ ಅಡ್ಡ ಬೇವಿನ ತಪ್ಪಲ ಕಟ್ಟಿದ ಹಗ್ಗ ಬಿಗೀತಾರ, ಎತ್ತು ಓಡಿ ಬಂದು ಅದನ್ನ ಹರಕೊಂಡು ಹೋಗ್ತಾವ. ಬಿಳೇ ಎತ್ತು ಮೊದಲ ಹರದ್ರ ಆ ವರ್ಷ ಹಿಂಗಾರಿ ಚಲೋ, ಬಿಳಿಜೋಳ ಕಡ್ಲಿ ಕೈ ಹಿಡೀತಾವ. ಕೆಂದೆತ್ತು ಹರದ್ರ ಮುಂಗಾರಿ, ತೊಗರಿ ಹೆಸರು ಬರ್ತಾವ. ನಂಬೋರು ನಂಬತಾರ, ನಗೋರು ನಗ್ತಾರ. ಆದ್ರ ನೋಡ್ಲಿಕ್ಕ ಮಾತ್ರ ಊರಿಗೂರೇ ಬರ್ತದ.

ಯಾವದು ಮೊದಲ ಬಂತು ಅಂತ ಹೇಳೋರು ನಮ್ಮ ಕಾಕಾ. ಹಗ್ಗದ ಈ ತುದಿಗಿ ಈ ಫರಶಿ, ಆ ತುದಿಗಿ ಒಂದು ಬೇವಿನ ಗಿಡ. ಕಾಕಾ ಫರಶಿ ಮ್ಯಾಲ ನಿಂತು, ಒಂದು ಕಣ್ಣು ಮುಚ್ಚಿ, ಹಗ್ಗದ ಗುಂಟ ಗಿಡದ ಬಡ್ಡಿ ನೋಡ್ತಾ ನಿಲ್ತಿದ್ರು. ಎತ್ತು ಹಗ್ಗ ಹರದು ಹ್ವಾದ ಮ್ಯಾಲ ಸಾವಕಾಶ ಇಳದು ಹೋಗಿ, ಹೆಗಲಿನ ಟವೆಲ್ ತಗದು ಗೆದ್ದ ಎತ್ತಿನ ಬೆನ್ನ ಮ್ಯಾಲ ಹಾಕ್ತಿದ್ರು. ಆಯ್ತು. ಟವೆಲ್ ಬಿತ್ತಂದ್ರ ಮುಗೀತು. ಅವರಪ್ಪನ ಕಾಲದಿಂದ ಹಂಗೇ ನಡಕೋತ ಬಂದಿತ್ತು, ಒಬ್ಬರೂ ಒಂದು ಮಾತು ಆಡಿದ್ದಿಲ್ಲ.

ಅವರದು ಇನ್ನೊಂದು ಶಿಸ್ತಿತ್ತು. ಕಾರ ಹುಣ್ಣಿಮಿ ಇನ್ನ ಒಂದು ವಾರ ಅದ ಅನ್ನೂತ್ಲೇ, ಎತ್ತು ಓಡಸೋರ ಮನ್ಯಾಗ ಅವರು ನೀರು ಸೈತ ಕುಡೀತಿದ್ದಿಲ್ಲ. ಮಗಳನ್ನ ಕೊಟ್ಟ ಬೀಗರು ಅದೇ ಊರಾಗ, ನಾಕು ಮನಿ ಆಚಿಗೇ ಇದ್ರು. ಅವರದೂ ಒಂದು ಕೆಂದೆತ್ತು ಓಡ್ತಿತ್ತು. ಹಂಗಾಗಿ ಆ ವಾರ ಸ್ವಂತ ಮಗಳ ಮನಿ ಹೊಸ್ತಿಲನೂ ತುಳೀತಿದ್ದಿಲ್ಲ. ಮಗಳು ಬಾಗಿಲಾಗ ನಿಂತು "ಅಪ್ಪಾ, ಚಾ ಆದ್ರೂ ಕುಡದು ಹೋಗ್ರಿ" ಅಂದ್ರ, "ಹುಣ್ಣಿಮಿ ಆಗ್ಲಿ ಯವ್ವಾ" ಅಂತ ಮುಂದ ಹೋಗಿಬಿಡೋರು.

ಊರಾಗ ಬಹುತೇಕ ಮನಿಗಿ ಎತ್ತು. ಹಂಗಾರ ಕಾಕಾ ಚಾ ಎಲ್ಲಿ ಕುಡೀಬೇಕು? ನಮ್ಮ ಅಂಗಡ್ಯಾಗ! ನಮ್ಮ ಮನ್ಯಾಗ ಎತ್ತಿಲ್ಲ, ಹೊಲ ಪಾಲಿಗಿ ಕೊಟ್ಟೀವಿ. "ಎತ್ತು ಇಲ್ಲದವರ ಚಾ ಭಾಳ ರುಚಿ ಇರ್ತದ ನೋಡು ತಂಗಿ" ಅಂತ ನನ್ನ ಕಾಡಸ್ತಾ ಸ್ಟೂಲ್ ಮ್ಯಾಲ ಕುಂಡ್ರತಿದ್ರು.

ನಾ ಆಗ ಈ ಊರಿಗಿ ಸೊಸಿ ಆಗಿ ಬಂದು ಭಾಳ ದಿನ ಆಗಿದ್ದಿಲ್ಲ. ನನ್ನ ಯಜಮಾನ್ರು ವಾಡ್ಯಾಗ ಕೆಲಸಕ್ಕ ಹೋಗೋರು, ಅಂಗಡಿ ನಾ ನೋಡಕೋತಿದ್ದೆ. ಆಗಿನ ದಂಧಾ ಅಂದ್ರ ಮೆಮೊರಿ ಕಾರ್ಡಿಗಿ ಹಾಡು, ಸಿನೆಮಾ ತುಂಬಿ ಕೊಡೋದು. ಕಾಕಾಗ ವಚನದ ಹಾಡು ಬೇಕಿತ್ತು. ನನ್ನ ಕಂಪ್ಯೂಟರಿನಾಗ ಮಾತ್ರ ನನ್ನ ಹುಚ್ಚು ತುಂಬಿತ್ತು, ಗಾಡಿ ಹುಚ್ಚು. ತವರುಮನಿ ಚಿಮ್ಮನಚೋಡದಾಗ ಅಪ್ಪನ ಟ್ರ್ಯಾಕ್ಟರ್ ನಾನೇ ಹೊಡೀತಿದ್ದೆ, ಚಂದ್ರಂಪಳ್ಳಿ ಡ್ಯಾಮ್ ಏರಿ ಮ್ಯಾಲ ಜೀಪ್ ಹೊಡದೀನಿ. ಇಲ್ಲಿ ಬಂದ ಮ್ಯಾಲ ಸ್ಟೇರಿಂಗ್ ಕಸಗೊಂಡು ಕೈಯಾಗ ರೀಚಾರ್ಜ್ ಕೊಟ್ರು. ಅದಕ್ಕ ಅಮೇರಿಕಾದಾಗ ಗಾಡಿ ಓಡಸೋ ವಿಡಿಯೋ ಹಾಕ್ಕೊಂಡು ಹೊಟ್ಟಿ ತುಂಬ ನೋಡ್ತಿದ್ದೆ. ನಮ್ಮತ್ತಿ "ಹೆಣ್ಣುಮಗಳು ಧಾರಾವಾಹಿ ನೋಡ್ಬೇಕು, ಇದೇನವ್ವಾ ಹೊಗಿ ಎಬ್ಬಸೋದು!" ಅಂತಿದ್ರು.

ಆ ವಾರ ಕಾಕಾ ಚಾ ಕುಡೀಲಿಕ್ಕ ಬಂದಾಗ ನಾ ಅದನ್ನೇ ನೋಡ್ಲಿಕತ್ತಿದ್ದೆ. ಎರಡು ಗಾಡಿ, ನೆಟ್ಟಗಿನ ರೋಡು, ಕಾಲು ಮೈಲು ಓಟ. ಬಿಳೇದು ಮಸ್ಟಾಂಗ್, ಕೆಂಪಂದು ಕಮಾರೊ. ಕಾಕಾ ಕನ್ನಡಕ ಏರಿಸಿ ನೋಡಿದ್ರು.

"ಯಾವದು ಜೋರು ಇದರಾಗ?"

"ಎರಡೂ ಸಮ ಜೋರಿನವೇ ರೀ ಕಾಕಾ, ಹೆಚ್ಚುಕಮ್ಮಿ."

"ಸಮ ಇದ್ರ ಮತ್ತ ಯಾಕ ಓಡಸ್ತಾರ? ಮನ್ಯಾಗ ಕುಂತು ಸಮ ಅನ್ನಬಾರದಾ?"

ಎಂಥಾ ಪ್ರಶ್ನಿ ನೋಡ್ರಿ! ನನಗ ಹುರುಪು ಬಂತು. ಕಂಪ್ಯೂಟರ್ ಅವರ ಕಡಿ ತಿರುಗಿಸಿ ಹೇಳ್ಲಿಕ್ಕ ಹತ್ತಿದೆ. ಕಮಾರೊದು ಇಂಜಿನ್ ದೊಡ್ಡದು, ಕೆಳಗಿನಿಂದಲೇ ಎಳೀತದ. ಆದ್ರ ಮೈ ಭಾರ. ಮಸ್ಟಾಂಗ್‌ದು ಇಂಜಿನ್ ಸಣ್ಣದು, ಮೈ ಹಗುರು. ಅದರ ಇಂಜಿನ್ ಭರ್ರಂತ ತಿರುಗಿದಾಗ ಜೋರು ಬರ್ತದ. ಅದಕ್ಕ ಕೆಂಪಂದು ಬಿಡೂತ್ಲೇ ಜಿಗೀತದ, ಬಿಳೇದು ಅರ್ಧ ದಾರಿ ದಾಟಿದ ಮ್ಯಾಲ ಬೆನ್ನಟ್ಟತದ. ಓಡೋಕ್ಕಿಂತ ಮೊದಲ ನಿಂತಲ್ಲೇ ಗಾಲಿ ತಿರುಗಿಸಿ ಹೊಗಿ ಎಬ್ಬಸ್ತಾರಲ್ಲ, ಅದು ಡೌಲಿಗಿ ಅಲ್ಲ. ಟಾಯರ್ ಕಾದ್ರ ರೋಡಿಗಿ ಕಚ್ಚಿ ಹಿಡೀತದ. ಇಂಜಿನ್ನಿನಾಗ ಎಷ್ಟು ಜೋರಿದ್ರೂ ಗಾಲಿ ಜಾರಿದ್ರ ಎಲ್ಲಾ ಹೊಗಿಯಾಗೇ ಹೋಗ್ತದ.

ಕಾಕಾ ಎಲ್ಲಾ ಕೇಳಿ ತಲಿ ಅಲ್ಲಾಡಸಿದ್ರು. "ತಿಳೀತು. ಸಾವಕಾರ್ರ ಬಿಳೇ ಎತ್ತು, ನಮ್ಮ ಬೀಗರ ಕೆಂದ. ಒಂದೇ ಆಕಳ ಹೊಟ್ಟ್ಯಾಗ ಹುಟ್ಟಿದವು, ಒಂದೇ ಜೋರು. ಕೆಂದ ಬಿಟ್ಟ ಕೂಡ್ಲೇ ಜಿಗೀತದ, ಬಿಳೇದು ಹಿಂದಾಗಡಿ ಹತ್ತತದ." ಆಮ್ಯಾಲ ನಕ್ಕು, "ನಡಿ, ಅಮೇರಿಕಾದವರಿಗಿ ಈ ವರ್ಷ ಜೋಳನೋ ತೊಗರಿನೋ ನೋಡೇ ಬಿಡೂಣು" ಅಂದ್ರು.

ಎರಡು ಓಟದಾಗ ಬಿಳೇದು ಗೆದ್ದಿತು. ಹಗುರು ಮೈ ಕೊನಿಗಿ ಕೈ ಹಿಡೀತು. ಮೂರನೇದು ಭಾಳ ಹತ್ತಿರ. ಎರಡೂ ಮೂಗಿಗಿ ಮೂಗು ಹಚ್ಚಿ ಗೆಲುವಿನ ಗೆರಿ ದಾಟಿದ್ವು. ಕಾಕಾ ತಡಾ ಮಾಡ್ಲಿಲ್ಲ, "ಬಿಳೇದು" ಅಂದ್ರು. ನಾ ನೋಡಿದ್ದ ವಿಡಿಯೋನೇ ಅದು, ಸುಮ್ಮನಿದ್ದೆ. ಗೆದ್ದವರ ಸಾಲಿನ ಮುಂದ ಅಲ್ಲಿ ದೀಪ ಹತ್ತತದ. ಹತ್ತಿದ್ದು ಕೆಂಪು ಗಾಡಿ ಸಾಲಿನ ಮುಂದ.

ಕಾಕಾನ ಮುಖ ಆಗ ನೋಡ್ಬೇಕಿತ್ತು ನೀವು. ಇಷ್ಟು ವರ್ಷದಾಗ ಅವರ ಕಣ್ಣು ತಪ್ಪಿದ್ದು ಅದೇ ಮೊದಲು. ಚಾ ಬಸಿ ಕೆಳಗಿಟ್ಟು "ಮತ್ತೊಮ್ಮಿ ಹಾಕು" ಅಂದ್ರು. ಹಾಕಿದೆ. ಮತ್ತೂ ಬಿಳೇದೇ ಮುಂದ ಕಂಡಿತು, ಮತ್ತೂ ಕೆಂಪಿನ ಕಡಿನೇ ದೀಪ ಹತ್ತಿತು. ಕಾಕಾ ವಿಚಾರ ಮಾಡಿ ಒಂದೇ ಮಾತು ಕೇಳಿದ್ರು: "ಇದನ್ನ ತೆಗದಂವ ಎಲ್ಲಿ ನಿಂತಾನ?"

ಅಲ್ಲಿತ್ತು ಗುಟ್ಟು. ವಿಡಿಯೋ ತೆಗದಂವ ಗೆರಿ ಮ್ಯಾಲ ನಿಂತಿದ್ದಿಲ್ಲ, ಗಾಡಿ ಓಡಿ ಬರೋ ಬಾಜೂಕ, ಗೆರಿಗಿಂತ ಈಚಿಗಿ ನಿಂತಿದ್ದ. ಬಿಳೇದು ಅವನ ಸಮೀಪದ ಸಾಲಿನಾಗ ಇತ್ತು. ನಾವಿಬ್ಬರೂ ಕೌಂಟರ್ ಮ್ಯಾಲ ಎರಡು ಕಡ್ಡಿಪೆಟಗಿ ಸಮ ಇಟ್ಟು ನೋಡಿದ್ವಿ. ಗೆರಿ ನೆಟ್ಟಗ ನಿಂತು ನೋಡಿದ್ರ ಎರಡೂ ಸಮ. ಜರಾ ಈಚಿಗಿ ಸರದು ಓರೆ ನೋಡಿದ್ರ, ಸಮೀಪದ ಪೆಟಗಿ ಮುಂದ ಹ್ವಾದಂಗ ಕಾಣ್ತದ. ಕಾಕಾ ಸಣ್ಣ ಹುಡುಗರಂಗ ಆ ಕಡಿ ಈ ಕಡಿ ಸರದು ಸರದು ನೋಡಿದ್ರು. "ಅದಕ್ಕೇ ನಮ್ಮಪ್ಪ ಫರಶಿ ಬಿಟ್ಟು ಒಂದು ಗೇಣು ಸರೀಬ್ಯಾಡ ಅಂತಿದ್ದ" ಅಂದ್ರು. ಆವತ್ತು ಚಾ ಎರಡು ಸಲ ಕುಡದ್ರು.

ಕಾರ ಹುಣ್ಣಿಮಿ ಬಂತು. ಕೊನಿ ಓಟ ಸಾವಕಾರ್ರ ಬಿಳೇದಕ್ಕೂ ಬೀಗರ ಕೆಂದಕ್ಕೂ. ಸಾವಕಾರ್ರು ಅಂದ್ರ ಊರಿನ ದೊಡ್ಡ ಕಿರಾಣಿ ಅಂಗಡಿಯವರು, ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಎತ್ತು ಎರಡೂ ಧೂಳ ಎಬ್ಬಿಸಿಕೋತ ಬಂದ್ವು, ಹಗ್ಗ ಹರೀತು, ಬೇವಿನ ತಪ್ಪಲ ಹಾರಿತು. ಒಂದು ಉಸಿರಿನಷ್ಟೂ ಫರಕ್ ಇದ್ದಿಲ್ಲ. ಕಾಕಾ ಇಳದು ಹ್ವಾದ್ರು, ಟವೆಲ್ ಕೆಂದೆತ್ತಿನ ಬೆನ್ನ ಮ್ಯಾಲ ಹಾಕಿದ್ರು.

ಅಷ್ಟರಾಗ ಸಾವಕಾರ್ರ ಅಳಿಯ "ತಡೀರಿ, ತಡೀರಿ" ಅಂತ ಮೊಬೈಲ್ ಹಿಡಕೊಂಡು ಓಡಿ ಬಂದ. ಬಿಳೇ ಎತ್ತು ಓಡಿದ ಬಾಜೂಕ, ಹಗ್ಗಕ್ಕಿಂತ ಈಚಿಗಿ ನಿಂತು ವಿಡಿಯೋ ತೆಗದಿದ್ದ. ಅದರಾಗ ಬಿಳೇ ಎತ್ತಿನ ಕೋಡು ಒಂದು ಗೇಣು ಮುಂದ! ಒಬ್ಬರ ಕೈಯಿಂದ ಒಬ್ಬರ ಕೈಗಿ ಮೊಬೈಲ್ ಹೋಯ್ತು. ನೋಡಿದವರೆಲ್ಲಾ "ಬಿಳೇದೇ ಅದ ಅಲಾ" ಅಂದ್ರು. ಆಮ್ಯಾಲ ಯಾರೋ ಒಬ್ಬ ಅಂದೇಬಿಟ್ಟ, "ಬೀಗರ ಎತ್ತು, ಕಣ್ಣು ಆ ಕಡಿ ಹೊರಳೇ ಹೊರಳ್ತದ."

ಒಂದು ವಾರ ಮಗಳ ಮನ್ಯಾಗ ಗುಟುಕು ನೀರು ಕುಡೀಲಾರದ ಮನುಷ್ಯಗ ಈ ಮಾತು! ನನ್ನ ಮೈಯೆಲ್ಲಾ ಉರೀತು. ಕಾಕಾ ಮಾತ್ರ ಟವೆಲ್ ಇಲ್ಲದ ಬರೀ ಹೆಗಲಿಲೆ ಮನಿಗಿ ನಡದ್ರು. ಬೇವಿನ ಗಿಡದ ತನ ನಾ ಹಿಂದಿಂದೇ ಹ್ವಾದೆ. "ಕಾಕಾ, ಕಡ್ಡಿಪೆಟಗಿ ಮಾತು ಹೇಳ್ರಿ ಅವರಿಗಿ" ಅಂದೆ. ನಿಲ್ಲದೇ ಹೇಳಿದ್ರು: "ನೀ ಸುಮ್ಮ ಕುಂಡ್ರು ತಂಗಿ. ನನ್ನ ಮಾತಿಗಿ ನಾನೇ ಸಾಕ್ಷಿ ಹುಡುಕಲಾ?"

ಸುಮ್ಮ ಕುಂಡ್ರೋ ಜಾಯಮಾನ ನಂದಲ್ಲ. ಮರುದಿನ ಮುಂಜಾನಿ ಊರಾಗ ಬರೇ ಅದೇ ಮಾತು. ಅರ್ಧ ಊರು ಜೋಳ ಅಂತಿತ್ತು, ಅರ್ಧ ಊರು ತೊಗರಿ. ಎತ್ತು ಏರಿಗಿ ಎಳದ್ರ ಕೋಣ ನೀರಿಗಿ ಎಳೀತಂತ ಅಂತಾರಲ್ಲ, ಹಂಗ. ನಾ ಅಂಗಡಿ ಟಿವಿ ಎತ್ತಿ ತಂದು ಬಾಗಿಲಾಗ ರೋಡಿನ ಕಡಿ ಮುಖ ಮಾಡಿ ಇಟ್ಟೆ. ಪೆನ್ ಡ್ರೈವ್ ಹಾಕಿ ಆವಾಜ್ ಫುಲ್ ಬಿಟ್ಟೆ. ಗಾಡಿ ಗುಡುಗಿಗಿ ಅಗಸಿ ಕಟ್ಟಿ ಮ್ಯಾಲ ಕುಂತವರೆಲ್ಲಾ ಎದ್ದು ಬಂದ್ರು. ಅತ್ತಿ ಒಳಗಿಂದ "ಅಯ್ಯ ಇಕಿನ, ಗಂಡಸರ ಮುಂದ ಟಿವಿ ಹಚ್ಚಿ ನಿಂತಾಳಲಾ!" ಅಂತ ಹಣಿ ಬಡಕೊಂಡ್ರು. ಬಡಕೊಳ್ಳಲಿ ಬಿಡು ಅಂದೆ.

"ಸಾವಕಾರ್ರೇ, ಮುಂದ ಬರ್ರಿ, ಕುಂಡ್ರಿ" ಅಂತ ಕಾಕಾ ಕುಂಡ್ರತಿದ್ದ ಸ್ಟೂಲೇ ಅವರಿಗಿ ಕೊಟ್ಟೆ. ಮೂರನೇ ಓಟ ಹಾಕಿದೆ. ಎರಡೂ ಗಾಡಿ ಸಮ ಜೋರಿನವು ಅಂತ ಮೊದಲೇ ಹೇಳಿ, ಗೆರಿ ದಾಟೂತ್ಲೇ ನಿಂದರಸಿ ಕೇಳಿದೆ: "ಯಾವದು ಮುಂದ?"

"ಬಿಳೇದು!" ಎಲ್ಲಾರೂ ಒಮ್ಮಿಗೇ ಒದರಿದ್ರು. ಎಲ್ಲಾರಕ್ಕಿಂತ ಜೋರು ಸಾವಕಾರ್ರದು.

ಬಿಟ್ಟೆ. ಕೆಂಪಿನ ಕಡಿ ದೀಪ ಹತ್ತಿತು. ಸಾವಕಾರ್ರ ಅಳಿಯ "ದೀಪ ಖರಾಬ್ ಆಗ್ಯಾದ" ಅಂದ. "ಕುಣೀಲಿಕ್ಕ ಬರದಾಕಿ ಅಂಗಳ ಡೊಂಕು ಅಂದಳಂತ, ಬಾರಪಾ ಇಲ್ಲಿ" ಅಂತ ಅವನನ್ನೇ ಕರದೆ. ಎಲ್ಲಾರನೂ ಅಗಸಿಗಿ ಕರಕೊಂಡು ಹ್ವಾದೆ. ಹಗ್ಗ ಇದ್ದ ಜಾಗದಾಗ ಎರಡು ತಂಬಿಗಿ ಸಮ ಇಟ್ಟೆ, ಬಿಳೇದು ಓಡಿದ ಕಡಿ ಒಂದು, ಕೆಂದ ಓಡಿದ ಕಡಿ ಒಂದು. ಮೊದಲ ಅಳಿಯ ನಿಂತಿದ್ದ ಜಾಗದಿಂದ ನೋಡ್ಲಿಕ್ಕ ಹಚ್ಚಿದೆ, ಆಮ್ಯಾಲ ಫರಶಿ ಮ್ಯಾಲಿಂದ. ಅಲ್ಲಿಂದ ಬಿಳೇ ಕಡಿ ತಂಬಿಗಿ ಮುಂದ, ಇಲ್ಲಿಂದ ಎರಡೂ ಸಮ. ಒಬ್ಬೊಬ್ಬರೇ ಒಂದು ಕಣ್ಣು ಮುಚ್ಚಿ ನೋಡಿ ಸರದ್ರು. ಕಡೀಗಿ ಸಾವಕಾರ್ರು ಬಂದ್ರು. ಅಲ್ಲಿಂದ ನೋಡಿದ್ರು, ಇಲ್ಲಿಂದ ನೋಡಿದ್ರು, ಮತ್ತ ಅಲ್ಲಿಗಿ ಹೋಗಿ ನೋಡಿದ್ರು. ಫರಶಿಯಿಂದ ಇಳದು, "ಕಾಕಾಗ ಕರೀರಿ, ತಪ್ಪಾಯ್ತು ಅಂತೀನಿ" ಅಂದ್ರು. ಹೇಳಿದ್ನಲ್ಲ, ಮನಸ್ಸು ಕೆಟ್ಟದ್ದಲ್ಲ.

ನನಗ ಆಗಿನ ಖುಷಿ ಏನು ಹೇಳ್ಲಿ! ಕಮಾರೊ ನಾನೇ ಹೊಡದು ಗೆದ್ದಷ್ಟು ಖುಷಿ. ಕಾಕಾ ಬಂದ್ರು. ಸಾವಕಾರ್ರು ಕೈ ಮುಗದ್ರು. ಕಾಕಾ ಅವರ ಕೈ ಹಿಡದು ಇಳಿಸಿದ್ರು, ನಕ್ಕರು ಸೈತ. ಬೀಗರ ಮನಿಯಿಂದ ಟವೆಲ್ ತೊಳದು ಮಡಚಿ ಕಳಿಸಿದ್ರು, ಅದನ್ನ ಹೆಗಲ ಮ್ಯಾಲ ಹಾಕ್ಕೊಂಡ್ರು. ಆಮ್ಯಾಲ ನನ್ನ ಕಡಿ ತಿರುಗಿದ್ರು.

"ನೀ ಖರೇ ಮಾಡಿ ತೋರಿಸಿದಿ ಯವ್ವಾ. ಆದ್ರ ಇಷ್ಟು ದಿನ ನಾ ಟವೆಲ್ ಹಾಕಿದ್ರ ಊರು ಹೂಂ ಅಂತಿತ್ತು. ಇವತ್ತು ಹೂಂ ಅನ್ನಲಿಕ್ಕ ಅಮೇರಿಕಾದ ದೀಪ ಬೇಕಾಯ್ತು. ಇನ್ನ ನಾ ಈ ಫರಶಿ ಮ್ಯಾಲ ನಿಲ್ಲಲ್ಲ. ನಿನ್ನ ಮೊಬೈಲೇ ನಿಂದರಸು."

"ಗೆದ್ದ ಮ್ಯಾಲ ಇಳೀತಾರೇನ್ರಿ ಕಾಕಾ!" ಅಂತ ಜಗಳಕ್ಕೇ ನಿಂತೆ. ಊರವರೂ ಇಳೀಬ್ಯಾಡ್ರಿ ಅಂದ್ರು, ಸಾವಕಾರ್ರು ಕಾಲಿಗಿ ಬೀಳ್ಲಿಕ್ಕ ಹ್ವಾದ್ರು. ಊಹೂಂ. ಮಾತು ಆಡಿದ್ರ ಹೋಯ್ತು, ಮುತ್ತು ಒಡದ್ರ ಹೋಯ್ತು ಅಂದು ನಡದುಬಿಟ್ಟರು.

ನಾ ಮಾಡಿದ್ದು ತಪ್ಪು ಅಂತ ಇವತ್ತಿಗೂ ನನಗ ಅನಸಂಗಿಲ್ಲ. ಹಂಗೇ ಬಿಟ್ಟಿದ್ರ ಕಳ್ಳ ಅನಿಸ್ಕೊಂಡು ಹೋಗ್ತಿದ್ರು. ನಾಳೆ ಹಂಗೇ ಆದ್ರ ನಾಳೆನೂ ಟಿವಿ ಹೊರಗ ತರಾಕಿನೇ. ಆದ್ರ ಅವರು ಹೇಳಿದ್ದೂ ಸುಳ್ಳಲ್ಲ ನೋಡ್ರಿ... ಅದೇ ಸಂಕಟ.

ಮುಂದಿನ ವರ್ಷ ಕಾಕಾ ತಾವೇ ಬಂದು ಫರಶಿ ಮ್ಯಾಲ ಮೊಬೈಲ್ ಹ್ಯಾಂಗ ಇಡಬೇಕು ಅಂತ ತೋರಿಸಿಕೊಟ್ಟರು. ಇಟ್ಟಂಗಿ ಮ್ಯಾಲ ಇಟ್ಟಂಗಿ ಇಟ್ಟು, ಹಗ್ಗದ ಗುಂಟ ಗಿಡದ ಬಡ್ಡಿ ಬರೋಬರಿ ನಡುವ ಬರೂ ಹಂಗ. "ಒಂದು ಗೇಣು ಸರೀಬಾರದು" ಅಂದ್ರು. ಆಮ್ಯಾಲ ಜರಾ ದೂರ ಕಟ್ಟಿ ಮ್ಯಾಲ ಕುಂಡ್ರತಿದ್ರು. ಮಜಾ ಅಂದ್ರ, ನಾ ಮೊಬೈಲ್ ನೋಡಿ ಹೇಳೋಕ್ಕಿಂತ ಮೊದಲೇ ಊರೆಲ್ಲಾ ಕಳ್ಳಗಣ್ಣಿಲೆ ಕಾಕಾನ ಮುಖ ನೋಡ್ತಿತ್ತು. ಅವರು ಬೇಕಂತಲೇ ಆಕಾಶ ನೋಡ್ತಿದ್ರು. ನಾ ಹೇಳಿದ ಮ್ಯಾಲ ಎದ್ದು ಬಂದು ಟವೆಲ್ ಹಾಕ್ತಿದ್ರು. ಅದೊಂದು ಬಿಟ್ಟಿದ್ದಿಲ್ಲ. ಕಾರ ಹುಣ್ಣಿಮಿ ಮುಂಚಿನ ವಾರ ಮಗಳ ಮನಿಗಿ ಹೋಗದೇ ನಮ್ಮ ಅಂಗಡಿ ಚಾ ಕುಡಿಯೋದೂ ಬಿಟ್ಟಿದ್ದಿಲ್ಲ. "ಈಗ ನೀವು ನಿಲ್ಲಂಗಿಲ್ಲಲ್ರಿ ಕಾಕಾ, ಹೋಗ್ರಿ ಮಗಳ ಮನಿಗಿ" ಅಂದ್ರ, "ನಿನ್ನ ಚಾ ಬಿಡಸಬ್ಯಾಡ" ಅಂತಿದ್ರು. ಹೊಸ ಗಾಡಿ ಓಟ ಬಂದ್ರ ಇಬ್ಬರೂ ಕುಂತು ನೋಡ್ತಿದ್ವಿ. ಕಮಾರೊಕ್ಕ ಅವರ ಪಕ್ಷ, ಮಸ್ಟಾಂಗಿಗಿ ನಂದು.

ಒಂದು ಚಳಿಗಾಲದಾಗ ಕಾಕಾ ಹ್ವಾದ್ರು. ಭಾಳ ದಿನ ಮಲಗಲಿಲ್ಲ...

ಅದರ ಮುಂದಿನ ಕಾರ ಹುಣ್ಣಿಮಿಗಿ ಸಾವಕಾರ್ರ ಬಿಳೇದೇ ಗೆದ್ದಿತು. ಮೊಬೈಲಿನಾಗ ಅಂಗೈ ಗೆರಿಯಂಗ ಸ್ವಚ್ಛ ಕಾಣ್ತಿತ್ತು, ಯಾರದೂ ತಕರಾರಿಲ್ಲ. ನಾ "ಬಿಳೇದು" ಅಂತ ಜೋರಾಗಿ ಹೇಳಿದೆ. ಎಲ್ಲಾರೂ ಕಟ್ಟಿ ಕಡಿ ತಿರುಗಿ ನಿಂತಿದ್ರು, ನಾನೂ. ಅಲ್ಲಿ ಯಾರೂ ಇದ್ದಿಲ್ಲ. ಸಾವಕಾರ್ರು ಎತ್ತಿನ ಹಗ್ಗ ಹಿಡಕೊಂಡು, ಅದರ ಬರೀ ಬೆನ್ನಿನ ಮ್ಯಾಲ ಕೈ ಆಡಿಸಿಕೋತ ನಿಂತು ನಿಂತು, ಕಡೀಗಿ ನನಗ ಅಂದ್ರು, "ಗೆದ್ದೀನಿ ಅಂತ ಅನಸವಲ್ದು ನೋಡವ್ವಾ."

ಹ್ವಾದ ವರ್ಷ ರೋಡ್ ಅಗಲ ಮಾಡುವಾಗ ಜೆಸಿಬಿಯವ ಈ ಫರಶಿ ಕಿತ್ತಿ ಗಟಾರದಾಗ ಒಗದಿದ್ದ. ಊರಾಗ ಒಬ್ಬರ ಟ್ರ್ಯಾಕ್ಟರ್ ಕೇಳಿ ತಗೊಂಡು ನಾನೇ ಹೊಡಕೊಂಡು ಹೋಗಿ ಹೇರಿಕೊಂಡು ಬಂದೆ. ಕರಿ ಹರಿಯೋ ದಿನ ಅಗಸಿಗಿ ಒಯ್ತೀನಿ, ಮೊಬೈಲ್ ಇಡ್ಲಿಕ್ಕ. ಉಳಿದ ದಿನ ಇಲ್ಲೇ ಇರ್ತದ.

ಮೊನ್ನಿ ಮಳಿ ನಾಕೇ ಹನಿಗಿ ನಿಂತುಬಿಟ್ತು. ಗಿರಾಕಿ ಹುಡುಗಗ ಕರೇ ಕವರ್ ಹುಡುಕಿ ಕೊಟ್ಟೆ. ಅಂವ ಫರಶಿ ಮ್ಯಾಲ ನಿಂತು ಮೊಬೈಲಿಗಿ ಕವರ್ ಹಾಕ್ಲಿಕತ್ತಿದ್ದ. "ಜರಾ ಬಾಜೂಕ ಸರದು ನಿಂದ್ರಪಾ" ಅಂದೆ. "ಯಾಕ್ರಿ ಅಕ್ಕಾ, ಜಾರ್ತದೇನು?" ಅಂತ ಕೇಳಿದ.

"ಇಲ್ಲಪಾ," ಅಂದೆ, "ಅಲ್ಲಿ ಒಬ್ಬರು ನಿಂತಿದ್ರು."